ನಮ್ಮಲ್ಲಿ ಇಲಿ ಇಲ್ಲ

ಜುಲೈ 6, ಭಾನುವಾರ

ಕಾಫಿಪುಡಿ ಕಂಪನಿಯವರು ಈ ಡೈರಿಯನ್ನು ಜನವರಿಯಲ್ಲೇ ಕೊಟ್ಟಿದ್ದರು. ಬರೆಯಲು ಪುರುಸೊತ್ತಿರಲಿಲ್ಲ. ಇವತ್ತು ಪುರುಸೊತ್ತಾಯಿತು. ಮಗ ಸುಜನ್ ನನ್ನನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿನಿಂದ ಮರ್ಯಾದೆಯಲ್ಲೇ ಎಬ್ಬಿಸಿದ. ನಾನು ಗಿರಾಕಿಗಳಿಗೆ ಉಪದೇಶ ಮಾಡುತ್ತೇನಂತೆ. ಮಸಾಲೆದೋಸೆಯನ್ನು ಚಮಚದಲ್ಲಿ ತಿನ್ನುವವರನ್ನು ಕಂಡು ಒಂದು ಮಾತು ಹೇಳಿದರೆ ಅದು ಉಪದೇಶವಾಗುವುದಾದರೆ, ಹೌದು, ಮಾಡುತ್ತೇನೆ. ತೆಕ್ಕಟ್ಟೆಯಲ್ಲಿ ಬೇರೆ ಯಾರೂ ಹೇಳುವವರಿಲ್ಲ.

ಮನೆಯಲ್ಲೂ ಕೆಲಸವಿದೆ. ಬಾವಿಯ ಹಿಂದೆ, ಹಾಡಿಯ ಮರಗಳ ಬದಿಗೆ, ನಾನು ಮಾಡಿದ ಒಂದೆಲಗದ ಪಾತಿ ಸೊಂಪಾಗಿ ಎದ್ದಿದೆ. ನಾಳೆಯಿಂದ ಮೊಮ್ಮಗಳು ಅನ್ವಿತಾಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ತಂಬುಳಿ. ಒಂಬತ್ತನೇ ಕ್ಲಾಸು. ಲೆಕ್ಕದಲ್ಲಿ ಚುರುಕು, ಆದರೆ ಸಮಾಜದ ಪಾಠದ ಇಸವಿಗಳು ತಲೆಯಲ್ಲಿ ನಿಲ್ಲುವುದಿಲ್ಲವಂತೆ. ನೆನಪಿಗೆ ಒಂದೆಲಗಕ್ಕಿಂತ ದೊಡ್ಡ ಮದ್ದಿಲ್ಲ.

ಸುಜನನ ಹೆಂಡತಿ, ಸೊಪ್ಪನ್ನು ಒಮ್ಮೆ ಬಾಡಿಸಿ ರುಬ್ಬುವ ಎಂದಳು. ಬಾಡಿಸಿದರೆ ಗುಣ ಹೋಗುತ್ತದೆ ಎಂದೆ. ಹಾಗಾದರೆ ಎರಡು ಮೂರು ನೀರಲ್ಲಿ ಚೆನ್ನಾಗಿ ತೊಳೆಯುವ ಎಂದಳು. ಅದಕ್ಕೂ ಅದೇ ಉತ್ತರ ಕೊಟ್ಟೆ. ನಲವತ್ತು ವರ್ಷ ಹೋಟೆಲಿನ ಅಡುಗೆಮನೆ ನಡೆಸಿದವನಿಗೆ ಸೊಪ್ಪು ತೊಳೆಯುವುದನ್ನು ಕಲಿಸುವ ಕೆಲಸ ಬೇಡ.

ಜುಲೈ 13, ಭಾನುವಾರ

ಬಿಡದೆ ಮಳೆ. ಪಾತಿಯ ಬದಿಯಲ್ಲಿ ಮಣ್ಣು ತೋಡಿದ ಗುರುತಿದೆ. ಹಾಡಿಯಿಂದ ಭಾವ ಬಂದಿದ್ದಾನೆ.

ಭಾವ ಅನ್ನುವುದು ಮುಂಬೈಯಲ್ಲಿ ನಮ್ಮ ಹೋಟೆಲಿದ್ದಾಗ ಮಾಡಿಕೊಂಡ ಏರ್ಪಾಡು. ಇಲಿ ಎಂಬ ಶಬ್ದ ಹೋಟೆಲಿನೊಳಗೆ ಯಾರ ಬಾಯಿಂದಲೂ ಬರಕೂಡದು. ತಟ್ಟೆಯ ಮುಂದೆ ಕೂತವನಿಗೆ ಅದು ಕೇಳಿಸಿದರೆ ಅವನು ಏಳುತ್ತಾನೆ, ಅವನನ್ನು ನೋಡಿ ಪಕ್ಕದ ಮೇಜಿನವರು ಏಳುತ್ತಾರೆ. ಹಾಗಾಗಿ ಅಡುಗೆಯವರು ಒಳಗಿಂದ ‘ಭಾವ ಬಂದ’ ಎನ್ನುತ್ತಿದ್ದರು, ಯಾರಾದರೂ ಹೋಗಿ ಭಾವನನ್ನು ವಿಚಾರಿಸಿಕೊಳ್ಳುತ್ತಿದ್ದರು. ಮುನಿಸಿಪಾಲಿಟಿಯವರು ಬಂದು ಕೇಳಿದರೆ ಉತ್ತರ ಒಂದೇ: ನಮ್ಮಲ್ಲಿ ಇಲಿ ಇಲ್ಲ. ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಗೂ ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಇಡೀ ಬೀದಿಯಲ್ಲಿ ಇತ್ತು, ನಮ್ಮಲ್ಲಿ ಇರಲಿಲ್ಲ. ಡೈರಿಯಲ್ಲಾದರೂ ಸರಿ, ಆ ಶಬ್ದವನ್ನು ಇನ್ನು ಬರೆಯುವುದಿಲ್ಲ.

ಸೊಪ್ಪಿನ ಮೇಲೆ ಬಸವನಹುಳುಗಳು ಹತ್ತಿವೆ. ಬೆನ್ನ ಮೇಲೆ ಚಿಪ್ಪಿಲ್ಲದ ಸಣ್ಣ ಜಾತಿಯವೂ ಇವೆ. ಕೈಗೆ ಸಿಕ್ಕಿದ್ದನ್ನು ಹೆಕ್ಕಿ ಬಿಸಾಡಿದೆ. ಸುಜನನ ಹೆಂಡತಿ, ಹೆಗ್ಗಣ ಜಾಸ್ತಿಯಾಗಿದೆ, ನಾಲ್ಕು ಬೋನು ತರಿಸುವ ಎಂದಳು. ಹೋಟೆಲಿನವರ ಮನೆಗೆ ಬೋನು ಬಂದರೆ ಪೇಟೆಯಲ್ಲಿ ಏನು ಸುದ್ದಿಯಾಗುತ್ತದೆ ಎಂದು ತಿಳಿಹೇಳಿದೆ. ಸುಮ್ಮನಾದಳು. ಹೇಳಿದರೆ ಕೇಳುವ ಹುಡುಗಿ.

ಜುಲೈ 24, ಗುರುವಾರ

ತಂಬುಳಿ ಕೆಲಸ ಮಾಡುತ್ತಿದೆ. ಅನ್ವಿತಾ ಇವತ್ತು ಪ್ಲಾಸಿ ಕದನದ ಇಸವಿಯನ್ನು ನಾನು ಕೇಳದೆಯೇ ಹೇಳಿದಳು. ಜೊತೆಗೆ ಸ್ವಲ್ಪ ಮಂಡೆನೋವು ಎಂದೂ ಹೇಳಿದಳು. ಓದಿ ಅಭ್ಯಾಸವಿಲ್ಲದವರಿಗೆ ಓದಿದರೆ ಮಂಡೆನೋವು ಬರುತ್ತದೆ. ಸಂಜೆಗೂ ಒಂದು ಲೋಟ ಮಾಡಿ ಕೊಟ್ಟೆ.

ಜುಲೈ 28, ಸೋಮವಾರ

ಮಂಡೆನೋವು ಹೋಗಿಲ್ಲ. ಬೆಳಿಗ್ಗೆ ಎರಡು ಸಲ ವಾಂತಿ. ಬೆನ್ನಿಗೆ ಬಟ್ಟೆ ತಾಗಿದರೂ ಉರಿಯುತ್ತದೆ ಎನ್ನುತ್ತಾಳೆ, ನೋಡಿದರೆ ಚರ್ಮದಲ್ಲಿ ಏನೂ ಇಲ್ಲ. ಕುಂದಾಪುರದ ಡಾಕ್ಟ್ರು ಶೀತ ಮೂಗಿನೊಳಗೆ ಕಟ್ಟಿದೆ ಎಂದು ಮಾತ್ರೆ ಕೊಟ್ಟರು, ಕಣ್ಣಿಗೂ ಒಮ್ಮೆ ತೋರಿಸಿ ಎಂದರು. ಈ ಮೊಬೈಲಿನಿಂದ ಹೀಗಾಗುತ್ತದೆ ಎಂದು ನಾನು ಸೇರಿಸಿದೆ. ಡಾಕ್ಟ್ರು ಹೌದೆಂದರು. ಡಾಕ್ಟ್ರುಗಳು ಅದೊಂದಕ್ಕೆ ಯಾವಾಗಲೂ ಹೌದು ಎನ್ನುತ್ತಾರೆ.

ಜುಲೈ 31, ಗುರುವಾರ

ಕುತ್ತಿಗೆ ಬಗ್ಗಿಸಲಿಕ್ಕೆ ಆಗುತ್ತಿಲ್ಲ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಬಂದೆವು. ಬೆನ್ನುಹುರಿಯ ನೀರನ್ನು ಪರೀಕ್ಷೆಗೆ ತೆಗೆದರು. ತೆಗೆಯುವಾಗ ನಮ್ಮನ್ನು ಹೊರಗೆ ಕಳಿಸಿದರು. ಹೊರಗಿನ ಬೆಂಚಿನಲ್ಲಿ ಮೂವರೂ ಕೂತಿದ್ದೆವು. ಅವಳು ಕೂಗಿದ್ದು ಬಾಗಿಲ ಆಚೆಗೂ ಕೇಳಿಸಿತು. ನನಗೆ ಹೆದರಿಕೆಯಾಯಿತು.

ಆಗಸ್ಟ್ 1, ಶುಕ್ರವಾರ

ದೊಡ್ಡ ಡಾಕ್ಟ್ರು ಬಂದರು. ಹೆಂಗಸು, ಸಣ್ಣ ಪ್ರಾಯ. ಮಿದುಳಿನ ಸುತ್ತ ಊತ ಇದೆ, ನೀರಿನಲ್ಲಿ ಒಂದು ಬಗೆಯ ಕಣ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ, ಹುಳದಿಂದಲೂ ಇರಬಹುದು, ಟಿಬಿಯಿಂದಲೂ ಇರಬಹುದು ಎಂದರು. ಆಮೇಲೆ ಪ್ರಶ್ನೆಗಳು. ಏಡಿ, ಚಿಪ್ಪುಮೀನು ಹಸಿಯಾಗಿ ತಿಂದದ್ದುಂಟಾ? ಮೀನು, ಏಡಿ ಎಲ್ಲ ನಾವು ಬೇಯಿಸಿಯೇ ತಿನ್ನುವವರು ಎಂದು ಸುಜನ್ ಹೇಳಿದ. ಮನೆಯ ಹತ್ತಿರ ಇಲಿ, ಹೆಗ್ಗಣ ಇದೆಯಾ?

“ನಮ್ಮಲ್ಲಿ ಇಲಿ ಇಲ್ಲ” ಎಂದೆ.

ಸುಜನನ ಹೆಂಡತಿ ಬಾಯಿ ತೆರೆದಿದ್ದಳು. ನಾನು ಅವಳ ಕಡೆ ನೋಡಿದೆ. ಮುಚ್ಚಿಕೊಂಡಳು. ಡಾಕ್ಟ್ರು ಏನೋ ಬರೆದುಕೊಂಡು ಆ ವಿಷಯ ಬಿಟ್ಟು, ಮನೆಗೆ ಕೆಮ್ಮುವವರು ಯಾರಾದರೂ ಬಂದು ಹೋಗಿದ್ದಾರಾ ಎಂಬ ಕಡೆಗೆ ಹೋದರು. ನಾವು ಹೋಟೆಲಿನವರು, ನಮ್ಮಲ್ಲಿ ದಿನಾ ನೂರು ಮಂದಿ ಕೆಮ್ಮುತ್ತಾರೆ.

ಸುಜನ್ ಮಗಳ ಹತ್ತಿರ ಉಳಿದ. ಬಟ್ಟೆ ತರಲು ನಾವಿಬ್ಬರು ಬಾಡಿಗೆ ಕಾರಿನಲ್ಲಿ ಮನೆಗೆ ಬಂದೆವು. ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಿದ್ದಾಗ ಅವಳು ಕೇಳಿದಳು.

“ಮಾವಯ್ಯ, ನಮ್ಮಲ್ ಹೆಗ್ಗಣ ಇತ್ತಲ್ದಾ?”

“ಇದ್ರೆ ಅದನ್ನ ಆಸ್ಪತ್ರೆಲ್ ಹೇಳ್ಕಾ?” ಎಂದೆ.

ಮಂಡೆನೋವಿಗೂ ಭಾವನಿಗೂ ಎತ್ತಣ ಸಂಬಂಧ? ಅಷ್ಟು ಓದಿದ ಡಾಕ್ಟ್ರು ಇನ್‌ಸ್ಪೆಕ್ಟರನ ಹಾಗೆ ಕೇಳುತ್ತಾರೆ.

ಆಗಸ್ಟ್ 3, ಭಾನುವಾರ

ಆಸ್ಪತ್ರೆಯ ಕ್ಯಾಂಟೀನಿನ ಸಾಂಬಾರಿಗೆ ಬೆಲ್ಲ ಜಾಸ್ತಿ. ಹೇಳಲಿಲ್ಲ.

ಆಗಸ್ಟ್ 5, ಮಂಗಳವಾರ

ಬೆಳಿಗ್ಗೆ ಅನ್ವಿತಾ, ಇವತ್ತು ಯಾಕೆ ಇಬ್ಬಿಬ್ಬರು ನರ್ಸ್ ಬರುತ್ತಾರೆ ಎಂದು ಕೇಳಿದಳು. ಬಂದದ್ದು ಒಬ್ಬರೇ. ಅವಳ ಬಲಗಣ್ಣು ಮೂಗಿನ ಕಡೆಗೆ ತಿರುಗಿ ಅಲ್ಲೇ ನಿಂತಿದೆ. ಊತ ಕಣ್ಣಿನ ನರವನ್ನು ಒತ್ತುತ್ತಿದೆಯಂತೆ. ನಾಳೆಯಿಂದ ಟಿಬಿ ಔಷಧಿ ಶುರು ಮಾಡುತ್ತೇವೆ, ಒಂದು ವರ್ಷ ಕೊಡಬೇಕಾದೀತು, ಲಿವರಿನ ಮೇಲೆ ಕಣ್ಣಿಡಬೇಕು ಎಂದು ಡಾಕ್ಟ್ರು ಹೇಳಿದರು. ಅವರಿಗೂ ಪೂರ್ತಿ ಸಮಾಧಾನ ಇದ್ದ ಹಾಗೆ ಕಾಣಲಿಲ್ಲ. ಬಾಗಿಲ ತನಕ ಹೋಗಿ ನಿಂತು, ಹಿಂದೆ ತಿರುಗಿ, ಬೇರೆ ಏನಾದರೂ ನೆನಪಾಗುತ್ತದಾ ಎಂದು ಇನ್ನೊಮ್ಮೆ ಕೇಳಿದರು.

ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ನಾನು ಎದ್ದು ನಿಂತೆ.

“ಡಾಕ್ಟ್ರೇ, ನಮ್ಮಲ್ಲಿ ಇಲಿ ಇತ್ತ್. ಹೆಗ್ಗಣವೂ ಇತ್ತ್. ಅದು ಓಡಾಡುವ ಜಾಗದ ಸೊಪ್ಪಿನ ತಂಬುಳಿ, ಹಸಿಯಾಗಿ, ಮಗೂಗೆ ಕೊಟ್ಟದ್ದ್ ನಾನೇ.”

ಅವರು ಬಾಗಿಲಿಂದ ವಾಪಸು ಬಂದು ಕುರ್ಚಿ ಎಳೆದುಕೊಂಡು ಕೂತರು. ಸೊಪ್ಪಿನಲ್ಲಿ ಬಸವನಹುಳು ಇತ್ತಾ ಎಂದು ಕೇಳಿದರು. ಇತ್ತು ಎಂದೆ. ಎಷ್ಟು ತೊಳೆದಿರಿ ಎಂದು ಕೇಳಿದರು. ಅದನ್ನೂ ಹೇಳಿದೆ. ಸುಜನ್ ನೆಲ ನೋಡುತ್ತಿದ್ದ. ಅವನ ಹೆಂಡತಿ ಸ್ವರ್ಣಲತಾ ನನ್ನನ್ನೇ ನೋಡುತ್ತಿದ್ದಳು.

ಆಗಸ್ಟ್ 6, ಬುಧವಾರ

ಟಿಬಿ ಔಷಧಿ ಬೇಡವೆಂದಾಯಿತು. ಬೇರೊಂದು ಪರೀಕ್ಷೆಗೆ ಕಳಿಸಿದ್ದಾರೆ, ಆದರೆ ಕಾಯುವುದಿಲ್ಲ, ಊತ ಇಳಿಸುವ ಔಷಧಿ ಇವತ್ತೇ ಶುರು.

ಡಾಕ್ಟ್ರು ಹೇಳಿದ್ದು ಹೀಗೆ. ಇಲಿಯ ಶ್ವಾಸಕೋಶದ ಹತ್ತಿರ ಒಂದು ಜಾತಿಯ ಸಣ್ಣ ಹುಳ ಸಂಸಾರ ಮಾಡಿಕೊಂಡಿರುತ್ತದೆ. ಅದರ ಮರಿ ಇಲಿಯ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಬಸವನಹುಳು ಹಿಕ್ಕೆಯನ್ನು ತಿಂದು ಸೊಪ್ಪಿನ ಮೇಲೆ ಹರಿಯುತ್ತದೆ. ಸಣ್ಣದೊಂದು ಬಸವನಹುಳು ಸೊಪ್ಪಿನೊಟ್ಟಿಗೆ ಮಿಕ್ಸಿಗೆ ಹೋದರೆ ನಮಗೆ ಗೊತ್ತೂ ಆಗುವುದಿಲ್ಲ. ಇಲಿಯ ಮೈಯೊಳಗಾದರೆ ಆ ಮರಿಗೆ ದಾರಿ ಗೊತ್ತು. ಮನುಷ್ಯನ ಮೈಯೊಳಗೆ ದಾರಿ ತಪ್ಪುತ್ತದೆ. ಮುಂಬೈಯ ದಾದರಿನಲ್ಲಿ ಇಳಿಯಬೇಕಾದ ನಮ್ಮೂರ ಹುಡುಗರು ಕಲ್ಯಾಣದಲ್ಲಿ ಇಳಿದು ಕಂಗಾಲಾಗುತ್ತಿದ್ದ ಹಾಗೆ, ಮಿದುಳಿನ ಹತ್ತಿರ ಇಳಿದು ಅಲ್ಲೇ ಸಾಯುತ್ತದೆ. ನೆನಪಿಗೆಂದು ಕೊಟ್ಟದ್ದು ಸರಿಯಾದ ಜಾಗಕ್ಕೇ ಹೋಗಿದೆ.

ಮೊದಲೇ ಹೇಳಿದ್ದರೆ ಕಣ್ಣಿನ ತನಕ ಬರುತ್ತಿರಲಿಲ್ಲವಾ ಎಂದು ಸ್ವರ್ಣಲತಾ ಕೇಳಿದಳು. ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟ್ರು. ಹಾಗೇನಿಲ್ಲ ಎಂದು ನನ್ನ ಸಮಾಧಾನಕ್ಕಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. “ತಂಬುಳಿಗೆ ನಾನ್ ಎಂತ ಹೇಳುದಿಲ್ಲೆ, ಮಾವಯ್ಯ. ಅದ್ ಗೊತ್ತಿಲ್ದೇ ಆದ್ದ್. ಆವತ್ತ್ ನಾನ್ ಹೇಳೂಕ್ ಹೊರಟಿದ್ದೆ. ನೀವ್ ಬಿಡ್ಲಿಲ್ಲೆ.”

ನಾನು ಫ್ಲಾಸ್ಕ್ ಎತ್ತಿಕೊಂಡು ಬಿಸಿನೀರು ತರಲು ಹೋದೆ.

ಆಗಸ್ಟ್ 16, ಶನಿವಾರ

ಮನೆಗೆ ಬಂದೆವು. ಮಂಡೆನೋವು ಇಳಿದಿದೆ. ಔಷಧಿಗೆ ಅವಳ ಮುಖ ಗುಂಡಗಾಗಿದೆ, ಹಸಿವು ವಿಪರೀತ. ಹೋಟೆಲಿನಿಂದ ಬಂದ ಇಡ್ಲಿಗಳನ್ನು ಒಬ್ಬಳೇ ಖಾಲಿ ಮಾಡಿದಳು. ಎರಡೆರಡು ಕಾಣುವುದು ಮಾತ್ರ ಹಾಗೇ ಇದೆ. ಅದು ಹೋಗುವುದನ್ನು ನೋಡಿಕೊಂಡೇ ಔಷಧಿಯ ಪ್ರಮಾಣ ಇಳಿಸುವುದು, ಹೋಗುವ ಮೊದಲೇ ಇಳಿಸಿದರೆ ಊತ ತಿರುಗಿ ಬಂದು ಆ ಕಣ್ಣು ಹಾಗೇ ನಿಂತುಬಿಡಬಹುದು ಎಂದು ಡಾಕ್ಟ್ರು ಹೇಳಿ ಕಳಿಸಿದ್ದಾರೆ.

ಒಂದೆಲಗದ ಪಾತಿಯನ್ನು ಪೂರ್ತಿ ಅಗೆದು, ಸೊಪ್ಪನ್ನು ಒಣಗಿದ ತೆಂಗಿನ ಮಡಲಿನ ಮೇಲೆ ಹಾಕಿ ಸುಟ್ಟೆ. ಮಳೆಗೆ ಹೊಗೆಯೇ ಜಾಸ್ತಿಯಾಯಿತು.

ಸ್ವರ್ಣಲತಾ ನನ್ನ ಹತ್ತಿರ ಮಾತಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ. ಹೆಚ್ಚು ಬೇಕಾ ಎಂದು ಕೇಳುವುದಿಲ್ಲ, ಪಾತ್ರೆಯನ್ನು ಮುಂದೆ ಇಟ್ಟು ಹೋಗುತ್ತಾಳೆ. ಹೋಟೆಲಿನಲ್ಲಿ ಇದನ್ನು ಒಳ್ಳೆಯ ಸರ್ವಿಸ್ ಎನ್ನುತ್ತಿದ್ದೆವು.

ಆಗಸ್ಟ್ 27, ಬುಧವಾರ

ಚೌತಿ. ಪೇಟೆಯ ಗಣಪತಿಯ ಮುಂದೆ ನಿಂತು ಮಗುವಿನ ಕಣ್ಣಿಗಾಗಿ ಬೇಡಿಕೊಂಡೆ. ಪಾದದ ಹತ್ತಿರ ಇದ್ದವನಿಗೂ ಯಾರೋ ಒಂದು ಕಡುಬು ಇಟ್ಟಿದ್ದರು. ಅವನ ಹತ್ತಿರ ಏನೂ ಹೇಳಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಕಾಲೇಜೊಂದರಿಂದ ಇಲಿ ಹಿಡಿಯುವವರು ಬಂದರು. ಅಕ್ಷಿತಾ ಎಂಬ ಹುಡುಗಿ, ಬೈಂದೂರಿನವಳು, ಇದರಲ್ಲೇ ಪಿಎಚ್‌ಡಿ ಮಾಡುತ್ತಾಳಂತೆ. ಇಲಿಯಲ್ಲಿ ಪಿಎಚ್‌ಡಿ ಇದೆ ಎಂದು ಗೊತ್ತಿದ್ದರೆ ಮುಂಬೈಯಲ್ಲಿ ನಮ್ಮ ಅಡುಗೆಯವರೆಲ್ಲ ಡಾಕ್ಟರಾಗುತ್ತಿದ್ದರು. ಅಮಾಸೆಬೈಲಿನ ಕಡೆಯೂ ಬೋನು ಇಟ್ಟು ಬಂದಿದ್ದಾರೆ. ಈ ಹುಳ ಹಾಡಿಯ ಇಲಿಗಳಲ್ಲಿ ಎಲ್ಲೆಲ್ಲಿದೆ ಎಂದು ನೋಡುವ ಕೆಲಸ.

ಸುಜನ್, ಬೋನುಗಳನ್ನು ಮಾರ್ಗಕ್ಕೆ ಕಾಣದ ಹಾಗೆ ಇಡಲು ಆಗುತ್ತದಾ ಎಂದು ಕೇಳಿದ. ಇಲಿ ಓಡಾಡುವ ದಾರಿಯಲ್ಲೇ ಇಡಬೇಕು ಎಂದಳು ಹುಡುಗಿ. ಇಲಿ ಬೇಲಿಯ ಬದಿಗೇ ಓಡಾಡುತ್ತದೆ. ಹಾಗಾಗಿ ಬೋನುಗಳು ಬಸ್ಸಿನಿಂದಲೂ ಕಾಣುತ್ತವೆ.

ಅವಳು ಬೋನಿಗೆ ಒಣಮೀನು ಮತ್ತು ಕೊಬ್ಬರಿ ಕಟ್ಟುತ್ತಿದ್ದಳು. ನಾನು ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸಿ, ಇದಕ್ಕೆ ಬಾರದ ಇಲಿಯೇ ಇಲ್ಲ ಎಂದು ಹೇಳಿ ನಾಲ್ಕು ಬೋನುಗಳಿಗೆ ಹಾಕಿಸಿದೆ.

ಸೆಪ್ಟೆಂಬರ್ 3, ಬುಧವಾರ

ಒಣಮೀನಿನ ಬೋನುಗಳಲ್ಲಿ ಐದು ಹೆಗ್ಗಣ, ಎರಡು ಹಾಡಿ ಇಲಿ. ಗೋಳಿಬಜೆಯ ಬೋನುಗಳು ಖಾಲಿ. ಬಜೆ ಹಾಗೇ ಇತ್ತು. ಸುಜನ್ ಹೊಸ ಅಡುಗೆಭಟ್ಟನನ್ನು ಬದಲಿಸುವ ಮಾತಾಡಿದ.

ಅಷ್ಟರಲ್ಲಿ ನಮ್ಮ ಹೋಟೆಲಿಗೆ ದಿನಾ ಬರುವ ಕಿಟ್ಟ ಸ್ಕೂಟರ್ ನಿಲ್ಲಿಸಿ, ಇದೆಂತ ಎಂದು ಬೇಲಿಯ ಆಚೆಯಿಂದ ಕೇಳಿದ. ಸರ್ಕಾರದ ಸರ್ವೆ, ಎಲ್ಲರ ಮನೆಯಲ್ಲೂ ಇಡುತ್ತಾರೆ ಎಂದು ಸುಜನ್ ಹೇಳುತ್ತಿದ್ದ. ನಮ್ಮಲ್ಲಿ ಇಲಿ ಇತ್ತು, ಅದರಿಂದ ಮಗುವಿಗೆ ಕಾಯಿಲೆಯಾಯಿತು, ನಿಮ್ಮಲ್ಲೂ ನೋಡಿಕೊಳ್ಳಿ, ಸೊಪ್ಪು ಬೇಯಿಸಿ ತಿನ್ನಿ ಎಂದು ನಾನು ಹೇಳಿದೆ. ಸ್ವರ್ಣಲತಾ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಕೇಳಿಸಿರಬೇಕು.

ಸುಜನನಿಗೆ ಸಿಟ್ಟು ಬಂದಿದೆ. ಸಂಜೆ ನಾನೇ ಹೋಟೆಲಿಗೆ ಹೋಗಿ ಮೂಲೆಯಲ್ಲಿ ಕೂತು ನೋಡಿದೆ. ದೋಸೆಗೆ ಕಾಯುವವರು ಕಾಯುತ್ತಲೇ ಇದ್ದರು. ಕಿಟ್ಟ ಎರಡು ತಿಂದ. ಇಷ್ಟು ವರ್ಷ ಆ ಒಂದು ಶಬ್ದಕ್ಕೆ ಅಷ್ಟೊಂದು ಹೆದರಿದ್ದು ಯಾಕೆ ಎಂದು ಯೋಚಿಸುತ್ತಾ ಮನೆಗೆ ಬಂದೆ.

ಸೆಪ್ಟೆಂಬರ್ 11, ಗುರುವಾರ

ಅಕ್ಷಿತಾ ಬಂದಿದ್ದಳು. ಎರಡು ಹೆಗ್ಗಣಗಳಲ್ಲಿ ಆ ಹುಳ ಸಿಕ್ಕಿದೆ. ನಮ್ಮ ಬಾವಿಯ ಹತ್ತಿರದ ಬಸವನಹುಳುಗಳಲ್ಲೂ ಮರಿ ಇದೆ. ಹಾಗಾದರೆ ನಮ್ಮ ಇಲಿಯಿಂದಲೇ ಆದದ್ದು ಎಂದು ಬರೆಯುತ್ತೀರಾ ಎಂದು ಕೇಳಿದೆ.

“ಸಾಧ್ಯತೆ ಇತ್ತ್ ಅಂದೇ ಬರೆಯೂದ್, ಅಜ್ಜಯ್ಯ. ಇದೇ ಇಲಿಯಿಂದ ಅಂದೇಳಿ ಹೇಳೂಕಾತಿಲ್ಲೆ” ಎಂದಳು.

ನಾನಾಗಿದ್ದರೆ ಎರಡರಲ್ಲೊಂದು ಹೇಳುತ್ತಿದ್ದೆ. ಅವಳು ಗೊತ್ತಿರುವಷ್ಟನ್ನು ಮಾತ್ರ ಹೇಳಿ ಚಾ ಕುಡಿದು ಹೋದಳು.

ಸೆಪ್ಟೆಂಬರ್ 13, ಶನಿವಾರ

ಬೆಳಿಗ್ಗೆ ಅನ್ವಿತಾ ತಿಂಡಿಗೆ ಕೂತಾಗ ಎಲ್ಲರ ಎದುರಿಗೆ, ಈಗ ಒಂದೊಂದೇ ಕಾಣುತ್ತದೆ ಎಂದಳು. ಸುಜನ್ ಮೂರು ಬೆರಳು ತೋರಿಸಿದ. ಮೂರು ಎಂದಳು. ನಾಲ್ಕು ತೋರಿಸಿದ. ನಾಲ್ಕು ಎಂದಳು. ಸ್ವರ್ಣ ಮಗಳನ್ನು ಅಪ್ಪಿಕೊಂಡು ಅತ್ತಳು. ನಾನು ಹೊರಗೆ ಹೋಗಿ ಮುಖ ತೊಳೆದು ಬಂದೆ.

ಮಧ್ಯಾಹ್ನ ಊಟಕ್ಕೆ ಬಂಗುಡೆ ಸಾರು. ಸ್ವರ್ಣ ಪಾತ್ರೆ ಇಟ್ಟು ಹೋಗಲಿಲ್ಲ. “ಇನ್ನೊಂಚೂರ್ ಹಾಕ್ಕಾ, ಮಾವಯ್ಯ?” ಎಂದು ಕೇಳಿದಳು. ಹಾಕು ಎಂದೆ. ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ಆದರೂ ಪೂರ್ತಿ ಊಟ ಮಾಡಿದೆ. ಬಹಳ ಸಂತೋಷವಾಯಿತು.

ಬುಧವಾರ ಡಾಕ್ಟ್ರನ್ನು ಕಾಣಬೇಕು. ಕಣ್ಣು ಸರಿಯಾಗಿದೆ ಎಂದರೆ ಔಷಧಿ ಇಳಿಸುತ್ತಾರಂತೆ. ಈಗ ಫೋನಿನಲ್ಲೇ ಹೇಳಿದರೂ ಸಾಕು, ನಾಳೆಯಿಂದಲೇ ಇಳಿಸುವ, ಮಗುವಿನ ಮುಖ ಮೊದಲಿನ ಹಾಗಾಗಲಿ ಎಂದು ಸುಜನ್ ಹೇಳುತ್ತಿದ್ದಾನೆ.

ಸೆಪ್ಟೆಂಬರ್ 14, ಭಾನುವಾರ

ಮಳೆ ಬಿಟ್ಟಿತ್ತು. ಸಂಜೆ ನಾನು ಬಾವಿಯ ಕಡೆಯಿಂದ ಬರುವಾಗ ಅನ್ವಿತಾ ಜಗಲಿಯಲ್ಲಿ ಕೂತು ಓದುತ್ತಿದ್ದಳು. ಒಂದು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದಳು. ನನ್ನ ಚಪ್ಪಲಿಯ ಸದ್ದಿಗೆ ಕೈ ಕೆಳಗೆ ಬಂತು. ಈಗ ಹೇಗಿದೆ ಎಂದು ಕೇಳಿದೆ. ಸಮ ಆಯಿತಲ್ಲ, ಅಜ್ಜಯ್ಯ ಎಂದಳು. ನನ್ನ ಮುಖ ನೋಡಲು ಕುತ್ತಿಗೆಯನ್ನು ಬಲಕ್ಕೆ ಓರೆ ಮಾಡಿದ್ದಳು.

ಪಕ್ಕದಲ್ಲಿ ಕೂತೆ. ನಿನ್ನೆ ಅಪ್ಪ ಮೂರು ಬೆರಳು ತೋರಿಸಿದಾಗ ನಿನಗೆ ಎಷ್ಟು ಕಂಡಿತು ಎಂದು ಕೇಳಿದೆ. ಬೈಯಲಿಲ್ಲ. ಅವಳು ಪುಸ್ತಕದ ತುದಿಯನ್ನು ಮಡಚುತ್ತಾ ಇದ್ದಳು. ಆರು ಕಂಡಿತಂತೆ. ಅರ್ಧ ಮಾಡಿ ಹೇಳಿದಳಂತೆ. ಮೊದಲೇ ಹೇಳಿದ್ದೆ, ಲೆಕ್ಕದಲ್ಲಿ ಚುರುಕು.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಕುತ್ತಿಗೆ ನೇರ ಮಾಡಿ ನನ್ನನ್ನು ನೋಡಿದಳು.

“ಅಜ್ಜಯ್ಯ ಇಬ್ರ್ ಕಾಂತ್ರ್. ಯಾರಿಗ್ ಹೇಳ್ಕ್?”

“ಇಬ್ರಿಗೂ ಹೇ‍ಳ್” ಎಂದೆ.

“ನಂಗ್ ಸಮ ಆದ್ರೆ ಅಮ್ಮ ನಿಮ್ಮತ್ರ ಮಾತಾಡತ್ತ್ ಅಂದೇಳಿ.”

ಅವಳ ತಲೆ ಸವರಿದೆ. ಅವಳು ಹೇಳಿದ್ದು ಸರಿಯೇ ಆಗಿತ್ತು, ಅವಳ ಅಮ್ಮ ನಿನ್ನೆಯಿಂದ ನನ್ನ ಹತ್ತಿರ ಮಾತಾಡುತ್ತಿದ್ದಳು. ಇವತ್ತು ಬೆಳಿಗ್ಗೆ ನನ್ನ ಬೆನ್ನುನೋವನ್ನೂ ವಿಚಾರಿಸಿದ್ದಳು. ಬುಧವಾರದ ತನಕ ಸುಮ್ಮನಿದ್ದು, ಆಸ್ಪತ್ರೆಯಲ್ಲಿ ಡಾಕ್ಟ್ರೇ ಕಂಡುಹಿಡಿಯಲಿ ಎಂಬ ಯೋಚನೆ ನನಗೆ ಬಂದದ್ದು ಹೌದು. ಒಳಗೆ ಸುಜನ್ ಫೋನಿನಲ್ಲಿ ಡಾಕ್ಟ್ರ ನಂಬರು ಹುಡುಕುತ್ತಿದ್ದ.

ಅಡುಗೆಮನೆಗೆ ಹೋದೆ. ಸ್ವರ್ಣ ಅಕ್ಕಿ ತೊಳೆಯುತ್ತಿದ್ದಳು. ಮಗುವಿನ ಕಣ್ಣು ಸರಿಯಾಗಿಲ್ಲ, ಈಗಲೂ ಎರಡೆರಡೇ ಕಾಣುತ್ತದೆ, ಔಷಧಿ ಇಳಿಸಬಾರದು ಎಂದೆ. ಅವಳು ಯಾಕೆ ಸುಳ್ಳು ಹೇಳಿದಳು ಎನ್ನುವುದನ್ನೂ ಬಿಡದೆ ಹೇಳಿದೆ. ಸ್ವರ್ಣ ಕೈಯನ್ನು ನೀರಿನಿಂದ ತೆಗೆಯಲೇ ಇಲ್ಲ. ಇನ್ನು ಮಾತು ನಿಂತುಹೋಗುತ್ತದೆ ಎಂದುಕೊಂಡು ನಾನು ಹೊರಗೆ ಹೊರಟಿದ್ದೆ.

“ನಾಳೆಯೇ ಹೋಯ್ಕ್” ಎಂದಳು. “ನೀವೂ ಬನ್ನಿ, ಮಾವಯ್ಯ. ಡಾಕ್ಟ್ರ್ ಕೇಂಡದ್ದಕ್ಕೆಲ್ಲ ನೀವೇ ಹೇಳ್ಕ್.”

ಸುಜನನಿಗೆ ಫೋನ್ ಇಡಲು ಹೇಳಿ ಬಂದೆ. ಬೆಳಿಗ್ಗೆ ಬೇಗ ಹೊರಡಬೇಕು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ.